ಬ್ರೇಕಿನೊಳಗಿನ ಎಣ್ಣೆ

ಕೇಳುಗರಿಗೆ ನಮಸ್ಕಾರ.

ಕಳೆದ ಮಳೆಗಾಲದಲ್ಲಿ ಅಣ್ಣನ ಮಗ ತನ್ನ ಸೈಕಲ್ಲನ್ನು ಎತ್ತಿಕೊಂಡೇ ನಮ್ಮ ಜಗಲಿಗೆ ಬಂದ. "ಚಿಕ್ಕಪ್ಪ, ಮುಂದಿನ ಚಕ್ರ ತಿರುಗುತ್ತಲೇ ಇಲ್ಲ" ಎಂದ. ಲಿವರ್ ಒತ್ತಿದರೆ ಒಳಗೆ ಹೋಗುತ್ತಿತ್ತು, ಹಿಂದೆ ಬರುತ್ತಿರಲಿಲ್ಲ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಡಿಸ್ಕ್ ಬ್ರೇಕು ಅದು. ಪ್ಯಾಡುಗಳು ಚಕ್ರದ ಡಿಸ್ಕನ್ನು ಕಚ್ಚಿ ಹಿಡಿದಿದ್ದವು. ವಿಚಾರಿಸಿದರೆ, ಬೈಕ್ ರಿಪೇರಿ ಅಂಗಡಿಯೊಂದರಲ್ಲಿ ಕಾರು, ಬೈಕುಗಳಿಗೆ ಹಾಕುವ ಡಾಟ್ 4 ಎಂಬ ಬ್ರೇಕ್ ಆಯಿಲ್ ತುಂಬಿಸಿದ್ದ. ಅದು ಶಿಮಾನೊ ಕಂಪನಿಯ ಬ್ರೇಕು, ಅದಕ್ಕೆ ಬೇಕಾದದ್ದು ಮಿನರಲ್ ಆಯಿಲ್, ಅಂದರೆ ಖನಿಜ ತೈಲ. ಬಿಚ್ಚಿ ನೋಡಿದೆ, ರಬ್ಬರ್ ಸೀಲುಗಳು ನೆನೆದ ಕಡಲೆಯಂತೆ ಉಬ್ಬಿದ್ದವು. ಲಿವರ್, ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಎರಡನ್ನೂ ಬದಲಿಸಬೇಕಾಯಿತು. ಮರುದಿನ ಅವನು ಚಾರ್ಮಾಡಿ ಘಾಟಿ ಇಳಿಯುವವನಿದ್ದ. ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಯಾವ ಎಣ್ಣೆ ಹಾಕಬೇಕೆಂದು ಹೇಳುವುದು ಈ ರಬ್ಬರೇ. ಮಿನರಲ್ ಆಯಿಲ್ ಬ್ರೇಕುಗಳಲ್ಲಿ ಸಾಮಾನ್ಯವಾಗಿ ನೈಟ್ರೈಲ್ ರಬ್ಬರ್ ಇರುತ್ತದೆ, ಡಾಟ್ ಬ್ರೇಕುಗಳಲ್ಲಿ ಇಪಿಡಿಎಂ ಎಂಬ ಬೇರೆ ಬಗೆಯ ರಬ್ಬರ್. ಒಂದರ ಎಣ್ಣೆ ಇನ್ನೊಂದರ ರಬ್ಬರಿಗೆ ಆಗಿಬರುವುದಿಲ್ಲ. ಶಿಮಾನೊ, ಮಗುರಾ, ಟೆಕ್ಟ್ರೊ ಮಿನರಲ್ ಆಯಿಲ್ ಬಳಸುತ್ತವೆ. ಸ್ರಾಮ್ ಬ್ರೇಕುಗಳು ಬಹುಕಾಲ ಡಾಟ್ ಬಳಸಿದವು. ಆದರೆ ಅದೇ ಕಂಪನಿಯ ಡಿಬಿ8 ಮತ್ತು ಮೇವನ್ ಮಾದರಿಗಳಿಗೆ ಬೇಕಾಗುವುದು ಮಿನರಲ್ ಆಯಿಲ್. ಹಾಗಾಗಿ ಕಂಪನಿಯ ಹೆಸರನ್ನಷ್ಟೇ ನಂಬಬೇಡಿ. ಲಿವರಿನ ಮೇಲಿನ ಸಣ್ಣ ಅಕ್ಷರಗಳನ್ನು ಬಟ್ಟೆಯಿಂದ ಒರೆಸಿ ಓದಿ. ಅಲ್ಲಿ ಕಾಣದಿದ್ದರೆ ಕೈಪಿಡಿ ತೆರೆಯಿರಿ.

ಡಾಟ್ ದ್ರವಕ್ಕೆ ಗಾಳಿಯ ತೇವ ಹೀರುವ ಗುಣವಿದೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹಿಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 5.1 ಎಂಬ ಇನ್ನೊಂದು ಬಗೆಯದಾದರೆ 260 ಮತ್ತು 180. ಇಳಿಜಾರಿನಲ್ಲಿ ದ್ರವ ಕುದಿದು ಆವಿಯಾದರೆ, ಒತ್ತಿದಾಗ ಆವಿ ಕುಗ್ಗುವುದರಿಂದ ಲಿವರ್ ಹ್ಯಾಂಡಲ್‌ಗೆ ತಾಗುತ್ತದೆ, ಸೈಕಲ್ ನಿಲ್ಲುವುದಿಲ್ಲ. ಮಿನರಲ್ ಆಯಿಲ್ ನೀರನ್ನು ಹೀರುವುದಿಲ್ಲ. ಆದರೆ ಒಳಸೇರಿದ ಹನಿ ತಳಕ್ಕಿಳಿದು ಕ್ಯಾಲಿಪರಿನಲ್ಲೇ ನಿಲ್ಲುತ್ತದೆ, 100 ಡಿಗ್ರಿಗೇ ಕುದಿಯುತ್ತದೆ.

ಡಾಟ್ 5 ಎಂಬುದು ಮಾತ್ರ ಬೇರೆಯೇ, ಅದು ಸಿಲಿಕೋನ್ ದ್ರವ. 5.1ರ ಬದಲು ಅದನ್ನು ಕೊಂಡು ತರಬೇಡಿ. ಡಾಟ್ 4, 5.1 ಬಣ್ಣವನ್ನೂ ತಿನ್ನುತ್ತವೆ. ಫ್ರೇಮಿನ ಮೇಲೆ ಚೆಲ್ಲಿದರೆ ತಕ್ಷಣ ನೀರಿನಿಂದ ತೊಳೆಯಿರಿ. ಕರಾವಳಿ, ಮಲೆನಾಡಿನ ತೇವದಲ್ಲಿ ತೆರೆದಿಟ್ಟ ಡಾಟ್ ಬಾಟಲಿಯನ್ನು ಮುಂದಿನ ವರ್ಷಕ್ಕೆಂದು ಉಳಿಸಬೇಡಿ. ಅಂಗಡಿಯಲ್ಲಿ ಮುಚ್ಚಳ ಒಡೆಯದ ಸಣ್ಣ ಬಾಟಲಿಯನ್ನೇ ಕೇಳಿ ಪಡೆಯಿರಿ. ನಮಸ್ಕಾರ.