ಭಾಷೆಯನ್ನು ನಂಬದ ಲೇಖಕ: ಓಸ್ವಾಲ್ಡ್ ವೀನರ್

ಕೇಳುಗರಿಗೆ ನಮಸ್ಕಾರ. ಭಾಷೆಯನ್ನೇ ನೆಚ್ಚಿ ಬದುಕುವ ಲೇಖಕನಿಗೆ ಆ ಭಾಷೆಯ ಮೇಲೆಯೇ ಸಂಶಯ ಹುಟ್ಟಿದರೆ ಅವನು ಏನು ಮಾಡಬೇಕು? ಆಸ್ಟ್ರಿಯಾದ ಓಸ್ವಾಲ್ಡ್ ವೀನರ್ ಈ ಪ್ರಶ್ನೆಯ ಬೆನ್ನುಹತ್ತಿ ಕಾವ್ಯದಿಂದ ಗಣಿತದವರೆಗೂ ನಡೆದರು. ಯಂತ್ರಗಳಲ್ಲೂ ಜೀವಿಗಳಲ್ಲೂ ನಿಯಂತ್ರಣ ಮತ್ತು ಸಂವಹನ ಹೇಗೆ ನಡೆಯುತ್ತವೆ ಎಂದು ಅಧ್ಯಯನ ಮಾಡುವ ಸೈಬರ್ನೆಟಿಕ್ಸ್ ಶಾಸ್ತ್ರಕ್ಕೆ ತಳಪಾಯ ಹಾಕಿದ ನಾರ್ಬರ್ಟ್ ವೀನರ್ ಬೇರೆ, ಇವರು ಬೇರೆ. ಆದರೆ ಆ ಶಾಸ್ತ್ರದ ಪ್ರಭಾವ ಇವರ ಮೇಲೂ ಆಳವಾಗಿಯೇ ಇತ್ತು.

1935ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ವೀನರ್ ಜಾಝ್ ಸಂಗೀತಗಾರರೂ ಆಗಿದ್ದರು. 1950ರ ದಶಕದಲ್ಲಿ ಆರ್ಟ್‌ಮನ್, ಕೊನ್ರಾಡ್ ಬಾಯರ್, ಗೆರ್ಹಾರ್ಡ್ ರ್ಯೂಮ್ ಮತ್ತು ಆಖ್‌ಲೈಟ್ನರ್ ಅವರ ಜೊತೆ ‘ವಿಯೆನ್ನಾ ಗುಂಪಿ’ನಲ್ಲಿ ಸೇರಿ ಪ್ರಯೋಗಶೀಲ ಸಾಹಿತ್ಯ ರಚಿಸಿದರು. ಆದರೆ 1959ರಲ್ಲಿ ತಾವು ಅದುವರೆಗೆ ಬರೆದದ್ದನ್ನು ನಾಶಮಾಡಿ, ಒಲಿವೆಟ್ಟಿ ಕಂಪನಿಯ ದತ್ತಾಂಶ ಸಂಸ್ಕರಣೆಯ ಕೆಲಸಕ್ಕೆ ಸೇರಿದರು.

ಅವರ ‘ಮಧ್ಯ ಯುರೋಪಿನ ಸುಧಾರಣೆ, ಕಾದಂಬರಿ’ 1969ರಲ್ಲಿ ಪುಸ್ತಕವಾಗಿ ಬಂತು. ಕಾದಂಬರಿ ಎಂದು ಹೆಸರಿದ್ದರೂ ಅದರಲ್ಲಿ ವಾಡಿಕೆಯ ಕಥೆಯಿಲ್ಲ. ಅದರಲ್ಲಿನ ‘ಬಯೋ-ಅಡಾಪ್ಟರ್’ ಎಂಬ ಕಲ್ಪನೆಯನ್ನು ಓದಿದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಅದು ಮನುಷ್ಯನನ್ನು ಉಡುಪಿನಂತೆ ಸುತ್ತುವರಿದು, ಅವನ ಬಯಕೆಗಳನ್ನು ಅರಿತು ಪೂರೈಸುತ್ತಾ, ಹಂತಹಂತವಾಗಿ ದೇಹದ ಅಂಗಗಳ ಕೆಲಸವನ್ನೆಲ್ಲ ತಾನೇ ವಹಿಸಿಕೊಂಡು, ಕೊನೆಗೆ ಪ್ರಜ್ಞೆಯನ್ನೂ ತನ್ನೊಳಗೆ ಸೇರಿಸಿಕೊಳ್ಳುವ ಯಂತ್ರ.

1968ರ ಜೂನ್‌ನಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ನಡೆದ ‘ಕಲೆ ಮತ್ತು ಕ್ರಾಂತಿ’ ಕಾರ್ಯಕ್ರಮ ದೊಡ್ಡ ಹಗರಣವಾಯಿತು. ಅದರಲ್ಲಿ ಭಾಗವಹಿಸಿದ್ದ ವೀನರ್ ಕಾನೂನು ಕ್ರಮವನ್ನು ಎದುರಿಸಿ, ಮುಂದೆ ಬರ್ಲಿನ್‌ಗೆ ಹೋದರು. ಅಲ್ಲಿ ‘ಎಕ್ಸಿಲ್’, ಅಂದರೆ ದೇಶಭ್ರಷ್ಟತೆ, ಎಂಬ ಹೆಸರಿನ ರೆಸ್ಟೋರೆಂಟ್ ನಡೆಸಿದರು. ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನವನ್ನೂ ಓದಿದರು.

ಅರ್ಥಮಾಡಿಕೊಳ್ಳುವುದು ಎಂದರೇನು ಎಂಬ ಅವರ ಸಂಶೋಧನೆಯ ತಿರುಳು ಇಲ್ಲಿಂದ ಬೆಳೆಯಿತು. ಒಂದು ಉದಾಹರಣೆ ನೋಡಿ. 2, 6, 18, 54 ಎಂಬ ಸಂಖ್ಯೆಗಳನ್ನು ಒಬ್ಬರು ಬಾಯಿಪಾಠ ಮಾಡಬಹುದು. ಇನ್ನೊಬ್ಬರು ಪ್ರತಿಯೊಂದೂ ಹಿಂದಿನದರ ಮೂರರಷ್ಟು ಎಂದು ಕಂಡುಕೊಂಡು ಮುಂದಿನ 162ನ್ನು ತಾವೇ ಹೇಳಬಹುದು. ಒಂದು ಸರಣಿಯನ್ನು ಹುಟ್ಟಿಸಬಲ್ಲ ಟ್ಯೂರಿಂಗ್ ಯಂತ್ರವೇ, ಅಂದರೆ ನಿಯಮಗಳ ಪ್ರಕಾರ ಹೆಜ್ಜೆಹೆಜ್ಜೆಯಾಗಿ ಲೆಕ್ಕ ಮಾಡುವ ಕಾಲ್ಪನಿಕ ಯಂತ್ರವೇ, ಆ ಸರಣಿಯ ರಚನೆ ಎಂಬುದು ವೀನರ್ ಅವರ ನಿಲುವಾಗಿತ್ತು. ಅರ್ಥವಾಗುವುದೆಂದರೆ ಅಂಥ ರಚನೆಯೊಂದು ನಮ್ಮೊಳಗೆ ಮೂಡಿ ಕೆಲಸ ಮಾಡುವುದು. ಚಿಹ್ನೆಗಳ ಮೇಲ್ಮೈಯನ್ನಷ್ಟೇ ಜೋಡಿಸುವ ಕೃತಕ ಬುದ್ಧಿಮತ್ತೆಯನ್ನು ಅವರು ಟೀಕಿಸಿದ್ದು ಇದೇ ಕಾರಣಕ್ಕೆ. ನಿರರ್ಗಳವಾಗಿ ಮಾತಾಡುವ ಯಂತ್ರಗಳು ಬಂದಿರುವ ಈ ಹೊತ್ತಿನಲ್ಲಿ ಆ ಟೀಕೆಯನ್ನು ಮತ್ತೆ ಓದಲೇಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ಇದರ ಜೊತೆಗೇ, ವಿಜ್ಞಾನಿಗಳಲ್ಲಿ ಅನೇಕರು ನಂಬಲಾಗದೆಂದು ಬಿಟ್ಟುಬಿಟ್ಟಿದ್ದ ಆತ್ಮಾವಲೋಕನವನ್ನು ಅವರು ಗಂಭೀರ ವಿಧಾನವಾಗಿ ಮತ್ತೆ ಕೈಗೆತ್ತಿಕೊಂಡರು. ಲೆಕ್ಕವೊಂದನ್ನು ಬಿಡಿಸುವಾಗ ಮನಸ್ಸಿನಲ್ಲಿ ನಿಜವಾಗಿ ಏನು ಸುಳಿಯುತ್ತದೆ, ಘನಾಕೃತಿಯನ್ನು ಕಲ್ಪಿಸಿಕೊಂಡಾಗ ಅಲ್ಲಿ ಚಿತ್ರವೇ ಇರುತ್ತದೆಯೇ ಎಂಬಂಥ ಪ್ರಶ್ನೆಗಳನ್ನು ತಮಗೆ ತಾವೇ ಹಾಕಿಕೊಂಡು ಪರೀಕ್ಷಿಸುವ ದಾರಿ ಅದು. 1992ರಿಂದ 2004ರವರೆಗೆ ಡ್ಯೂಸೆಲ್‌ಡಾರ್ಫ್ ಕಲಾ ಅಕಾಡೆಮಿಯಲ್ಲಿ ಪ್ರಾಧ್ಯಾಪಕರಾಗಿದ್ದ ವೀನರ್ 2021ರ ನವೆಂಬರ್‌ನಲ್ಲಿ ತೀರಿಕೊಂಡರು. ಅವರ ಸುತ್ತ ಸೇರಿದ್ದ ಕಿರಿಯ ಸಂಶೋಧಕರು ಈ ಆತ್ಮಾವಲೋಕನದ ಕೆಲಸವನ್ನು ಅವರ ಜೀವಿತಕಾಲದಲ್ಲಿಯೇ ಕೈಗೆತ್ತಿಕೊಂಡು ಬೆಳೆಸಿದ್ದರು.