ರನ್‌ವೇ ಕಾಣದಿದ್ದರೆ ಮೇಲೇರಬೇಕು

ಕೇಳುಗರೇ, ನಮಸ್ಕಾರ.

ಶಿವಮೊಗ್ಗದ ಹತ್ತಿರ ಇರುವ ನಮ್ಮ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾಗಿದ್ದು 2023ರ ಫೆಬ್ರವರಿಯಲ್ಲಿ. ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂತು. ಆಮೇಲೆ ಊರಿನಲ್ಲಿ ಒಂದು ಹೊಸ ದೂರು ಶುರುವಾಯಿತು. "ಶಿವಮೊಗ್ಗದ ತನಕ ಬಂದು ಇಳಿಯದೇ ವಾಪಸ್ ಹೋಯ್ತು ಸ್ವಾಮಿ. ಮೇಲಿಂದ ಅಡಿಕೆ ತೋಟ ಚೆನ್ನಾಗೇ ಕಾಣ್ತಿತ್ತು. ಇಳಿಸೋಕೆ ಅವನಿಗೇನು ಕಷ್ಟ?"

ಪೈಲಟ್‌ಗಳಿಗೆ ಪಾಠ ಹೇಳಿದವನು ನಾನು. ಇವತ್ತು ಒಂದೇ ಮಾತು ಹೇಳಬೇಕು ಅಂತ ಬಂದಿದ್ದೇನೆ. ರನ್‌ವೇ ಕಾಣದಿದ್ದರೆ ಇಳಿಯಬಾರದು. ಮೇಲೇರಬೇಕು. ಅಷ್ಟೇ.

ತೋಟ ಕಂಡಿದ್ದು ನಿಜವೇ ಇರಬಹುದು. ಚಳಿಗಾಲದ ಬೆಳಗಿನ ಮಂಜು ಹೆಚ್ಚಾಗಿ ತೆಳುವಾಗಿ ನೆಲಕ್ಕೆ ಅಂಟಿಕೊಂಡಿರುತ್ತದೆ. ನೇರ ಕೆಳಗೆ ನೋಡಿದರೆ ಸ್ವಲ್ಪ ಮಂಜು ದಾಟಿದರೆ ಸಾಕು, ನೆಲ ಕಾಣುತ್ತದೆ. ಆದರೆ ಪೈಲಟ್ ನೋಡುವುದು ಕೆಳಗಲ್ಲ, ಮುಂದೆ. ಇಳಿಯುವಾಗ ವಿಮಾನ ಮೂರೇ ಡಿಗ್ರಿ ಓರೆಯಲ್ಲಿ ಬರುತ್ತದೆ. ಅವನ ಕಣ್ಣು ಆ ಮಂಜಿನ ಉದ್ದಕ್ಕೂ ಹಾದು ಹೋಗಬೇಕು. ನಿಮಗೆ ಕಂಡಿದ್ದು ಅವನಿಗೆ ಕಾಣುವುದಿಲ್ಲ.

ಆಗುಂಬೆ ಘಾಟಿಯಲ್ಲಿ ಮಂಜು ಕವಿದರೆ ನೀವು ಏನು ಮಾಡುತ್ತೀರಿ? ಬಸ್ಸು ನಿಧಾನ ಮಾಡುತ್ತೀರಿ, ಬೇಕಾದರೆ ಪಕ್ಕಕ್ಕೆ ನಿಲ್ಲಿಸುತ್ತೀರಿ. ವಿಮಾನ ನಿಲ್ಲುವಂತಿಲ್ಲ. ಇಲ್ಲಿಗೆ ಬರುವ ಚಿಕ್ಕ ಎಟಿಆರ್ ವಿಮಾನ ಕೂಡ ಇಳಿಯುವ ಹೊತ್ತಿಗೆ ಗಂಟೆಗೆ 200 ಕಿಲೋಮೀಟರ್‌ಗಿಂತ ಜಾಸ್ತಿ ವೇಗದಲ್ಲಿರುತ್ತದೆ. ಸೆಕೆಂಡಿಗೆ ಸುಮಾರು 60 ಮೀಟರ್. ಕಾಣುವುದು ಅರ್ಧ ಕಿಲೋಮೀಟರ್ ಅಂದರೆ ಕೈಯಲ್ಲಿರುವುದು ಎಂಟೊಂಬತ್ತು ಸೆಕೆಂಡ್.

ಅನುಭವ ಇದ್ದರೆ ಅಂದಾಜಿನಲ್ಲಿ ಇಳಿಸಬಹುದಲ್ವಾ ಅಂತ ಕೇಳುತ್ತಾರೆ. ಇಳಿಸಲಾಗದು. ಹೊರಗೆ ಏನೂ ಕಾಣದಿದ್ದಾಗ ಸಮತೋಲನ ತಿಳಿಸುವ ನಮ್ಮ ಒಳಕಿವಿ ಸುಳ್ಳು ಹೇಳುತ್ತದೆ. ವಿಮಾನ ವಾಲಿದ್ದರೂ ನೆಟ್ಟಗಿದೆ ಅನ್ನಿಸುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ ನೋಡಿದರು. ಬರೀ ಉಪಕರಣ ನೋಡಿ ಹಾರಿಸಿ ಗೊತ್ತಿಲ್ಲದ 20 ಜನರಿಗೆ ಹೊರಗಿನದು ಕಾಣದಂತೆ ಮಾಡಿದರು. ಇಪ್ಪತ್ತಕ್ಕೆ ಇಪ್ಪತ್ತೂ ಜನ ಹಿಡಿತ ಕಳೆದುಕೊಂಡರು. ಸರಾಸರಿ 178 ಸೆಕೆಂಡಿನಲ್ಲಿ. ಪೂರ್ತಿ ಮೂರು ನಿಮಿಷವೂ ಇಲ್ಲ.

ಈಗ ಒಂದು ಘಟನೆ. ನನ್ನ ಪಾಠದಲ್ಲಿ ಇದನ್ನು ಹೇಳದೇ ಬಿಟ್ಟಿದ್ದಿಲ್ಲ. 2011ರ ಫೆಬ್ರವರಿ 10. ಬೆಲ್‌ಫಾಸ್ಟ್‌ನಿಂದ ಐರ್ಲೆಂಡಿನ ಕಾರ್ಕ್ ಊರಿಗೆ ಒಂದು ಚಿಕ್ಕ ವಿಮಾನ ಹೊರಟಿತು. ಹತ್ತು ಜನ ಪ್ರಯಾಣಿಕರು, ಇಬ್ಬರು ಪೈಲಟ್. ಕಾರ್ಕ್‌ನಲ್ಲಿ ದಟ್ಟ ಮಂಜು. ಅಲ್ಲಿ 200 ಅಡಿಗೆ ಇಳಿದಾಗ ರನ್‌ವೇ ಅಥವಾ ಅದರ ದೀಪ ಕಾಣದಿದ್ದರೆ ಮತ್ತೆ ಒಂದು ಅಡಿಯೂ ಇಳಿಯುವಂತಿಲ್ಲ. ಇವರು ಅದಕ್ಕಿಂತ ಕೆಳಗೆ ಬಂದರು. ಕಾಣಲಿಲ್ಲ, ಮೇಲೇರಿದರು. ಇನ್ನೊಂದು ಕಡೆಯಿಂದ ಬಂದರು. ಮತ್ತೆ 200 ಅಡಿ ದಾಟಿ ಕೆಳಗೆ. ಕಾಣಲಿಲ್ಲ, ಮೇಲೇರಿದರು. ಸ್ವಲ್ಪ ಹೊತ್ತು ಆಕಾಶದಲ್ಲೇ ಸುತ್ತುತ್ತಾ ಬೇರೆ ಬೇರೆ ನಿಲ್ದಾಣಗಳ ಹವೆ ವಿಚಾರಿಸಿದರು. ಅಷ್ಟೇನೂ ದೂರವಿಲ್ಲದ ಕೆರಿಯಲ್ಲಿ ಹವೆ ಚೆನ್ನಾಗಿತ್ತು. ಅಲ್ಲಿಗೆ ಹೋಗಿದ್ದರೆ ಆಗಿತ್ತು! ಹೋಗಲಿಲ್ಲ. ಮೂರನೇ ಸಲ ಕಾರ್ಕ್‌ಗೇ ಬಂದರು. ಮತ್ತೆ ಮಿತಿಗಿಂತ ಕೆಳಗೆ ಇಳಿದರು. ಕೊನೆ ಗಳಿಗೆಯಲ್ಲಿ ಮೇಲೇರಲು ಹೊರಟಾಗ ಹಿಡಿತ ತಪ್ಪಿತು. ರೆಕ್ಕೆಯ ತುದಿ ನೆಲಕ್ಕೆ ತಗುಲಿ ವಿಮಾನ ಅಂಗಾತ ಬಿತ್ತು. ಹನ್ನೆರಡರಲ್ಲಿ ಆರು ಜನ ಸತ್ತರು, ಇಬ್ಬರು ಪೈಲಟ್‌ಗಳೂ ಸೇರಿ.

ಇಲ್ಲಿ ಮಂಜಿನ ಮೇಲೆ ತಪ್ಪು ಹೊರಿಸಬೇಡಿ. ಮಂಜು ಇದೆ ಅಂತ ಅವರಿಗೆ ಗೊತ್ತಿತ್ತು. ಇಳಿಯಲೇಬೇಕು ಅನ್ನುವ ಹಟ ಕೊಂದಿತು. ಆ ಹಟಕ್ಕೆ ಎಷ್ಟೋ ಸಲ ಪ್ರಯಾಣಿಕರ ಒತ್ತಾಯವೂ ಸೇರುತ್ತದೆ. ಬಾಡಿಗೆಯ ಚಿಕ್ಕ ವಿಮಾನಗಳಲ್ಲಿ ಇದು ಜಾಸ್ತಿ. ಸಭೆಗೆ ತಡವಾಯಿತು, ಇನ್ನೊಂದು ಸಲ ನೋಡಿ ಅಂತ ಹಿಂದಿನ ಸೀಟಿನಿಂದ ಹೇಳುವವರು ಇರುತ್ತಾರೆ. ದಯವಿಟ್ಟು ಹೇಳಬೇಡಿ. ಕಾಣದಿದ್ದರೆ ಇಳಿಯಬಾರದು.

ರನ್‌ವೇ ದೀಪ, ದಾರಿ ತೋರಿಸುವ ಉಪಕರಣಗಳ ಬಗ್ಗೆಯೂ ಹೇಳುವುದಿತ್ತು. ಸಮಯ ಮುಗಿಯುತ್ತಾ ಬಂತು. ಉಪಕರಣ ಎಷ್ಟೇ ಒಳ್ಳೆಯದಿದ್ದರೂ ಅದಕ್ಕೂ ಒಂದು ಮಿತಿ ಇದೆ, ಇಷ್ಟು ತಿಳಿದುಕೊಳ್ಳಿ.

ಡಿಸೆಂಬರ್, ಜನವರಿಯಲ್ಲಿ ಬೆಳಗಿನ ವಿಮಾನ ಹಿಡಿಯುವವರು ಬೆಂಗಳೂರಿನಿಂದ ಮುಂದಿನ ಪ್ರಯಾಣಕ್ಕೆ ಧಾರಾಳವಾಗಿ ಬಿಡುವು ಇಟ್ಟುಕೊಳ್ಳಿ. ಬಿಸಿಲೇರಿದ ಮೇಲೆ ಈ ಮಂಜು ಸಾಮಾನ್ಯವಾಗಿ ಕರಗುತ್ತದೆ. ಮಳೆಗಾಲದ ಮೋಡ ಹಾಗಲ್ಲ, ದಿನವಿಡೀ ಕೂರಬಹುದು. ಆಗ ರಾತ್ರಿ ರೈಲಿಗೂ ಒಂದು ಟಿಕೆಟ್ ನೋಡಿಟ್ಟಿರಿ. ವಿಮಾನ ವಾಪಸ್ ಹೋದರೆ ಕೌಂಟರಿನಲ್ಲಿ ಕೂತ ಹುಡುಗಿಯ ಮೇಲೆ ರೇಗಬೇಡಿ. ಒಳಗಿದ್ದವರೆಲ್ಲ ಸುರಕ್ಷಿತವಾಗಿದ್ದಾರೆ ಅಂತಲೇ ಅದರ ಅರ್ಥ. ನಮಸ್ಕಾರ.