ಸರ್ವರ್ ಡೌನ್ ಎಂದಾಗ ಕೆಟ್ಟಿರುವುದೇನು?

ಕೇಳುಗರಿಗೆ ನಮಸ್ಕಾರ.

ಬ್ಯಾಂಕಿನಲ್ಲಿ, ನಾಡಕಚೇರಿಯಲ್ಲಿ, ಪಡಿತರ ಅಂಗಡಿಯಲ್ಲಿ ‘ಸರ್ವರ್ ಡೌನ್, ನಾಳೆ ಬನ್ನಿ’ ಎಂದು ಕೇಳಿಸಿಕೊಳ್ಳದವರು ಕಡಿಮೆ. ಸರ್ವರ್ ಎಂದರೆ ಕೇಳಿದವರಿಗೆ ಮಾಹಿತಿ ಒದಗಿಸುವ ಕಂಪ್ಯೂಟರ್. ಎಷ್ಟೋ ಸಲ ಆ ಪಾಪದ ಸರ್ವರ್ ತಣ್ಣನೆಯ ಕೋಣೆಯೊಂದರಲ್ಲಿ ಆರೋಗ್ಯವಾಗಿಯೇ ಓಡುತ್ತಿರುತ್ತದೆ. ಕೆಟ್ಟಿರುವುದು ಅದನ್ನು ತಲುಪುವ ದಾರಿ.

ಜಾಲದಲ್ಲಿರುವ ಯಂತ್ರಕ್ಕೆ ಐಪಿ ವಿಳಾಸ ಎಂಬ ಸಂಖ್ಯೆ ಇರುತ್ತದೆ. ಈಗಲೂ ವ್ಯಾಪಕವಾಗಿ ಬಳಕೆಯಲ್ಲಿರುವ ನಾಲ್ಕನೇ ಆವೃತ್ತಿಯಲ್ಲಿ ಅದರ ಉದ್ದ 32 ಬಿಟ್, ಅಂದರೆ ಸೊನ್ನೆ ಇಲ್ಲವೇ ಒಂದು ಇರುವ 32 ಸ್ಥಾನಗಳು. ಎಂದರೆ ಒಟ್ಟು 429 ಕೋಟಿ ಚಿಲ್ಲರೆ ವಿಳಾಸಗಳು. ಜಗತ್ತಿಗೆ ಅವು ಸಾಲದೆ ಹೋದವು. ಹಾಗಾಗಿ ಸಂಸ್ಥೆಗಳ ಒಳಗಿನ ಸರ್ವರ್‌ಗಳು ಹೆಚ್ಚಾಗಿ 10ರಿಂದ ಅಥವಾ 192.168ರಿಂದ ಆರಂಭವಾಗುವ ಖಾಸಗಿ ವಿಳಾಸಗಳನ್ನು ಇಟ್ಟುಕೊಳ್ಳುತ್ತವೆ. ಅದೇ ವಿಳಾಸ ಇನ್ನೊಂದು ಕಚೇರಿಯಲ್ಲೂ ಇದ್ದರೆ ತಕರಾರಿಲ್ಲ. ಯಾವ ಯಂತ್ರ ನೆರೆಯದು, ಯಾವುದು ದೂರದ್ದು ಎಂದು ತಿಳಿಸುವುದು ಸಬ್‌ನೆಟ್ ಮಾಸ್ಕ್. ದೂರದ್ದಕ್ಕೆ ಹೋಗುವ ಮಾಹಿತಿಯನ್ನು ಸಾಗಹಾಕುವುದು ಗೇಟ್‌ವೇ.

ವಿಳಾಸವೊಂದೇ ಸಾಲದು. ಬೆಂಗಳೂರಿನ ಎಂ.ಎಸ್. ಬಿಲ್ಡಿಂಗ್ ತಲುಪಿದ ಮಾತ್ರಕ್ಕೆ ಕೆಲಸವಾಗುತ್ತದೆಯೇ? ಯಾವ ಮಹಡಿ, ಯಾವ ಕೊಠಡಿ ಎಂಬುದೂ ಗೊತ್ತಿರಬೇಕು. ಆ ಕೊಠಡಿ ಸಂಖ್ಯೆಯೇ ಪೋರ್ಟ್. ಸುರಕ್ಷಿತ ಜಾಲತಾಣಕ್ಕೆ 443, ಮೈಎಸ್‌ಕ್ಯೂಎಲ್ ದತ್ತಸಂಚಯಕ್ಕೆ 3306, ದೂರದಿಂದ ಸರ್ವರ್ ನಿರ್ವಹಿಸುವ ಎಸ್‌ಎಸ್‌ಎಚ್‌ಗೆ 22.

ಇಲ್ಲಿ ತೆರೆಯ ಮೇಲೆ ಮೂಡುವ ಎರಡು ಸಂದೇಶಗಳನ್ನು ಸ್ವಲ್ಪ ನಿಂತು ನೋಡಬೇಕು. ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ಬಂದರೆ ಸಾಮಾನ್ಯವಾಗಿ ಅದು ಅರ್ಧ ಶುಭಸುದ್ದಿ: ಯಂತ್ರ ಜೀವಂತವಾಗಿದೆ, ದಾರಿಯೂ ಸರಿಯಿದೆ, ಆ ಪೋರ್ಟಿನಲ್ಲಿ ಕೆಲಸ ಮಾಡಬೇಕಾದ ತಂತ್ರಾಂಶ ಮಾತ್ರ ಎದ್ದಿಲ್ಲ. ‘ಟೈಮ್ಡ್ ಔಟ್’ ಎಂದರೆ ಉತ್ತರವೇ ಬರಲಿಲ್ಲ. ಯಂತ್ರ ನಿಂತಿರಬಹುದು, ದಾರಿ ತಪ್ಪಿರಬಹುದು, ಇಲ್ಲವೇ ನಡುವೆ ಕಾವಲಿಗಿರುವ ಫೈರ್‌ವಾಲ್ ನಮ್ಮ ಕೋರಿಕೆಯನ್ನು ಸದ್ದಿಲ್ಲದೆ ನುಂಗಿರಬಹುದು. ನನ್ನ ಅನುಮಾನ ಮೊದಲು ಹೋಗುವುದು ಫೈರ್‌ವಾಲ್ ಕಡೆಗೆ. ಈ ವ್ಯತ್ಯಾಸ ತಿಳಿಯದೆ ಸರ್ವರನ್ನು ಮತ್ತೆ ಮತ್ತೆ ರೀಸ್ಟಾರ್ಟ್ ಮಾಡುವುದು ಬರೀ ಕಾಲಹರಣ.

ಸಂಖ್ಯೆಗಳನ್ನು ನೆನಪಿಡುವುದು ಕಷ್ಟವೆಂದು ಹೆಸರುಗಳು ಬಂದವು. ಮೊದಲು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆ ಒಂದೇ ಕಡತದಲ್ಲಿ ಎಲ್ಲ ಯಂತ್ರಗಳ ಹೆಸರು ಬರೆದಿಡುತ್ತಿತ್ತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಹೆಸರು ಕೊಟ್ಟರೆ ವಿಳಾಸ ಹೇಳುವುದು ಅದರ ಕೆಲಸ. ಒಮ್ಮೆ ತಿಳಿದ ವಿಳಾಸವನ್ನು ನಡುವಿನ ಯಂತ್ರಗಳು ಗೊತ್ತುಪಡಿಸಿದ ಅವಧಿಯವರೆಗೆ ನೆನಪಿಟ್ಟುಕೊಳ್ಳುತ್ತವೆ. ಸರ್ವರ್ ಬದಲಾಯಿಸಿದ ಮೇಲೂ ಕೆಲವರು ಹಳೆಯದರ ಬಳಿಗೇ ಹೋಗುವುದು ಇದರಿಂದ.

2021ರ ಅಕ್ಟೋಬರ್ 4ರಂದು ಇವೆಲ್ಲ ಒಟ್ಟಿಗೆ ಕೈಕೊಟ್ಟವು. ನಮ್ಮಲ್ಲಿ ರಾತ್ರಿ ಒಂಬತ್ತು ದಾಟಿತ್ತು. ವಾಟ್ಸ್‌ಆಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮೂರೂ ಸ್ತಬ್ಧ. ಫೇಸ್‌ಬುಕ್‌ನ ದತ್ತಾಂಶ ಕೇಂದ್ರಗಳನ್ನು ಬೆಸೆಯುವ ಬೆನ್ನೆಲುಬು ಜಾಲದ ಸಾಮರ್ಥ್ಯ ಅಳೆಯಲು ಕೊಟ್ಟ ಆದೇಶವೊಂದು ಆ ಜಾಲವನ್ನೇ ಕಡಿದುಹಾಕಿತ್ತು. ಇಂಥ ಆದೇಶವನ್ನು ತಡೆಯಬೇಕಿದ್ದ ತಪಾಸಣಾ ತಂತ್ರಾಂಶದಲ್ಲೂ ದೋಷವಿತ್ತು. ಕೇಂದ್ರಗಳ ಸಂಪರ್ಕ ತಪ್ಪಿದ್ದನ್ನು ಕಂಡ ಕಂಪನಿಯ ಡಿಎನ್‌ಎಸ್ ಸರ್ವರ್‌ಗಳು ತಮ್ಮಲ್ಲೇ ಏನೋ ತೊಂದರೆ ಇದೆಯೆಂದು ಬಗೆದು, ‘ನಮ್ಮ ಕಡೆಗೆ ದಾರಿ ಇದು’ ಎಂದು ಮಾಹಿತಿಯನ್ನು ದಾರಿ ಹಿಡಿಸುವ ಜಗತ್ತಿನ ರೌಟರ್ ಯಂತ್ರಗಳಿಗೆ ಸಾರುವುದನ್ನು ನಿಲ್ಲಿಸಿಬಿಟ್ಟವು. ಹೀಗೆ ಸಾರುವ ವ್ಯವಸ್ಥೆಗೆ ಬಿಜಿಪಿ ಎನ್ನುತ್ತಾರೆ. ಡಿಎನ್‌ಎಸ್ ಸರ್ವರ್‌ಗಳು ಓಡುತ್ತಿದ್ದವು, ಹೆಸರು ಕೇಳಲು ಅವುಗಳ ಬಳಿಗೆ ಹೋಗುವ ದಾರಿಯೇ ಇರಲಿಲ್ಲ.

ದುರಸ್ತಿಗೆ ಬೇಕಾದ ಒಳಗಿನ ಸಲಕರಣೆಗಳೂ ಅದೇ ಡಿಎನ್‌ಎಸ್ ನಂಬಿಕೊಂಡಿದ್ದವು. ಎಂಜಿನಿಯರುಗಳು ಕೇಂದ್ರಗಳಿಗೇ ಹೋಗಬೇಕಾಯಿತು. ಕಳ್ಳರನ್ನು ದೂರವಿಡಲು ಮಾಡಿದ ಭದ್ರತೆ ಆ ದಿನ ಮನೆಯವರನ್ನೇ ತಡೆಯಿತು. ಸುಮಾರು ಆರು ಗಂಟೆಗಳು ಕಳೆದವು. ದಾರಿ ತೆರೆದ ಮೇಲೂ ಎಲ್ಲವನ್ನೂ ಒಮ್ಮೆಲೇ ಚಾಲೂ ಮಾಡಲಿಲ್ಲ. ಕೇಂದ್ರಗಳ ವಿದ್ಯುತ್ ಬಳಕೆ ಹತ್ತಾರು ಮೆಗಾವಾಟ್‌ಗಳಷ್ಟು ಇಳಿದಿತ್ತು; ಅದು ದಿಢೀರನೆ ಏರಿದರೆ ವಿದ್ಯುತ್ ವ್ಯವಸ್ಥೆಗೇ ಪೆಟ್ಟು ಬೀಳುವ ಭಯವಿತ್ತು.

ನಮಸ್ಕಾರ.